ಹಸುರು ಮೇಜಿನ ಆಟ: ನಮ್ಮ ದೇಶದ ಹವ್ಯಾಸಿ ಸ್ನೂಕರ್ ಪಂದ್ಯದ ವೃತ್ತಾಂತ

ಆಟಗಳನ್ನು ಎರಡು ಬಗೆಯಾಗಿ ವಿಂಗಡಿಸುವುದು ನಮ್ಮ ಗೃಹಸ್ಥರ ವಾಡಿಕೆ. ಬಯಲಿನಲ್ಲಿ, ಬಿಸಿಲು ಗಾಳಿಗಳಲ್ಲಿ ಆಡತಕ್ಕವು ಮಕ್ಕಳ ಮೈಗೂ ಮನಸ್ಸಿಗೂ ಹಿತವಾದುವೆಂದೂ, ಬಾಗಿಲು ಮುಚ್ಚಿದ ಕೋಣೆಯಲ್ಲಿ ದೀಪದ ಕೆಳಗೆ ಆಡತಕ್ಕವು ಹೊತ್ತನ್ನೂ ಹಣವನ್ನೂ ಹಾಳುಮಾಡುವ ಚಟಗಳೆಂದೂ ತಿಳಿಯುವುದುಂಟು. ಬಿಲಿಯರ್ಡ್ಸ್, ಸ್ನೂಕರ್ ಎಂಬ ಮೇಜಿನ ಆಟಗಳು ಈ ಎರಡನೆಯ ಗುಂಪಿಗೆ ಸೇರಿದುವೆಂಬ ಅಪವಾದಕ್ಕೆ ಬಹುಕಾಲದಿಂದ ಗುರಿಯಾಗಿವೆ. ಮಗನು ಸ್ನೂಕರ್ ಆಡಲು ಹೋಗುತ್ತಾನೆಂದು ಕೇಳಿದ ತಾಯಿಯ ಮುಖ ಬಾಡುವುದು. ತಂದೆಯ ಹುಬ್ಬು ಗಂಟಿಕ್ಕುವುದು.

ಈ ಭಯವು ತೀರ ನಿರಾಧಾರವಾದುದೆಂದು ಹೇಳಲಾಗದು. ಈ ಆಟಗಳು ನಮ್ಮ ದೇಶದಲ್ಲಿ ಬೆಳೆದುದು ಸೇನಾಧಿಕಾರಿಗಳ ಭೋಜನಗೃಹಗಳಲ್ಲಿ, ಐರೋಪ್ಯರ ಕ್ಲಬ್ಬುಗಳಲ್ಲಿ ಮತ್ತು ಹೋಟೆಲುಗಳಲ್ಲಿ. ಅಲ್ಲಿ ಹೊಗೆಯೂ ಮದ್ಯವೂ ಪಣವೂ ಆಟಕ್ಕೆ ಒಡನಾಡಿಗಳಾಗಿದ್ದುವು. ಆದರೆ ಒಂದು ಆಟದ ಗುಣವನ್ನು ಅದು ಹುಟ್ಟಿದ ಕೋಣೆಯಿಂದಲೇ ಅಳೆಯುವುದು ನ್ಯಾಯವಲ್ಲ. ಸ್ನೂಕರ್ ಆಟವು ಹುಟ್ಟಿದುದು ವಿಲಾಯತಿಯಲ್ಲಲ್ಲ, ನಮ್ಮ ನೆಲದಲ್ಲಿ ಎಂಬುದನ್ನೂ, ಭಾರತದ ಕ್ರೀಡಾಪಟುವೊಬ್ಬನಿಗೆ ವ್ಯಕ್ತಿಗತವಾದ ವಿಶ್ವಪ್ರಶಸ್ತಿ ಮೊಟ್ಟಮೊದಲು ದೊರೆತುದು ಈ ಹಸುರು ಮೇಜಿನ ಮೇಲೆಯೇ ಎಂಬುದನ್ನೂ ನಮ್ಮಲ್ಲಿ ಬಲ್ಲವರು ವಿರಳ. ಆದುದರಿಂದ ಈ ಆಟದ ಹುಟ್ಟನ್ನೂ, ನಮ್ಮ ರಾಷ್ಟ್ರೀಯ ಹವ್ಯಾಸಿ ಪಂದ್ಯದ ಚರಿತ್ರೆಯನ್ನೂ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ. ಮನೆಯ ಮಕ್ಕಳಿಗೆ ಇದು ತಕ್ಕುದೋ ಅಲ್ಲವೋ ಎಂಬುದನ್ನು ಓದಿದ ಬಳಿಕ ವಾಚಕರೇ ತೀರ್ಮಾನಿಸಲಿ.

ಆಟದ ರೀತಿ

ಮೊದಲು ಆಟವನ್ನು ತಿಳಿಯೋಣ. ಹನ್ನೆರಡು ಅಡಿ ಉದ್ದ, ಆರು ಅಡಿ ಅಗಲದ ಮೇಜು. ಅದರ ಮೇಲ್ಭಾಗ ಮರದ್ದಲ್ಲ. ನುಣುಪಾಗಿ ಉಜ್ಜಿದ ಸ್ಲೇಟುಕಲ್ಲಿನ ಹಾಸು. ಕಲ್ಲಿನ ಮೇಲೆ ಬಿಗಿಯಾಗಿ ಎಳೆದು ಹೊದಿಸಿದ ಹಸುರು ಉಣ್ಣೆಯ ಬಟ್ಟೆ. ನಾಲ್ಕು ಮೂಲೆಗಳಲ್ಲಿ ನಾಲ್ಕು, ಉದ್ದನೆಯ ಬದಿಗಳ ನಡುವೆ ಎರಡು, ಹೀಗೆ ಆರು ಕುಳಿಗಳು. ಅಂಚಿನ ಒಳಮೈಗೆ ರಬ್ಬರಿನ ಮೆತ್ತೆ; ಚೆಂಡು ಅದಕ್ಕೆ ತಾಗಿದರೆ ಪುಟಿದು ಹಿಂದಿರುಗುವುದು.

ಮೇಜಿನ ಮೇಲೆ ಇಪ್ಪತ್ತೆರಡು ಚೆಂಡುಗಳು. ಅವುಗಳಲ್ಲಿ ಹದಿನೈದು ಕೆಂಪು. ಪ್ರತಿಯೊಂದಕ್ಕೆ ಒಂದು ಅಂಕ. ಉಳಿದ ಬಣ್ಣದ ಚೆಂಡುಗಳು ಆರು: ಹಳದಿಗೆ ೨, ಹಸುರಿಗೆ ೩, ಕಂದಿಗೆ ೪, ನೀಲಿಗೆ ೫, ಗುಲಾಬಿಗೆ ೬, ಕರಿಯದಕ್ಕೆ ೭ ಅಂಕಗಳು. ಇಪ್ಪತ್ತೆರಡನೆಯದು ಬಿಳಿಯ ಚೆಂಡು. ಆಟಗಾರನ ಕೋಲು ಮುಟ್ಟತಕ್ಕದ್ದು ಈ ಬಿಳಿಯದನ್ನು ಮಾತ್ರ; ಕೇರಮ್ ಆಟದಲ್ಲಿ ಹೊಡೆಯುವ ಬಿಲ್ಲೆಯಿಂದ ಉಳಿದ ಕಾಯಿಗಳನ್ನು ತಳ್ಳುವಂತೆ, ಇಲ್ಲಿ ಬಿಳಿಯ ಚೆಂಡಿನಿಂದ ಉಳಿದುವನ್ನು ಕುಳಿಗೆ ಬೀಳಿಸಬೇಕು. ಒಂದು ಕೆಂಪು ಬಿದ್ದರೆ ಒಂದು ಬಣ್ಣದ ಚೆಂಡಿಗೆ ಹೊಡೆಯುವ ಹಕ್ಕು. ಬಣ್ಣದ ಚೆಂಡು ಬಿದ್ದರೆ ಅದನ್ನು ತೆಗೆದು ಮರಳಿ ಅದರ ಸ್ಥಾನದಲ್ಲಿಡುವರು. ಕೆಂಪು ಬಿದ್ದರೆ ಬಿದ್ದಂತೆಯೇ. ಕೆಂಪುಗಳೆಲ್ಲ ಮುಗಿದ ಮೇಲೆ ಬಣ್ಣಗಳನ್ನು ಕ್ರಮವಾಗಿ, ಹಳದಿಯಿಂದ ಕರಿಯದರವರೆಗೆ, ತೆಗೆಯಬೇಕು.

ಲೆಕ್ಕದಲ್ಲಿ ಆಸಕ್ತಿಯುಳ್ಳ ಮಕ್ಕಳು ಇದನ್ನು ಹೀಗೆ ಗುಣಿಸಿ ನೋಡಬಹುದು. ಒಬ್ಬನು ಒಮ್ಮೆಯೂ ತಪ್ಪದೆ ಹದಿನೈದು ಕೆಂಪುಗಳನ್ನೂ, ಪ್ರತಿಯೊಂದು ಕೆಂಪಿನ ಬಳಿಕ ಕರಿಯದನ್ನೂ ಬೀಳಿಸಿದನೆಂದರೆ ೧೫ ಎಂಟಲ ೧೨೦ ಅಂಕ. ಕೊನೆಯಲ್ಲಿ ಆರು ಬಣ್ಣಗಳ ಮೊತ್ತ ೨೭. ಒಟ್ಟು ೧೪೭. ಸಾಮಾನ್ಯವಾಗಿ ಒಂದು ಸರದಿಯಲ್ಲಿ ಗಳಿಸಬಹುದಾದ ಪರಮಾವಧಿ ಇದೇ. ಇದಕ್ಕೆ ಒಂದಾದ ಮೇಲೊಂದರಂತೆ ಮೂವತ್ತಾರು ಏಟುಗಳು ಗುರಿ ತಪ್ಪದೆ ನಡೆಯಬೇಕು. ಅಷ್ಟೇ ಅಲ್ಲ, ಪ್ರತಿ ಏಟಿನ ಬಳಿಕ ಬಿಳಿಯ ಚೆಂಡು ಮುಂದಿನ ಏಟಿಗೆ ಅನುಕೂಲವಾದ ತಾಣದಲ್ಲಿಯೇ ನಿಲ್ಲಬೇಕು. ಈ ಎರಡನೆಯದೇ ಆಟದ ಮರ್ಮ. ಚೆಂಡನ್ನು ಬೀಳಿಸುವುದನ್ನು ಕೆಲವು ತಿಂಗಳಲ್ಲಿ ಕಲಿಯಬಹುದು. ಬಿಳಿಯದನ್ನು ನಿಲ್ಲಿಸುವುದನ್ನು ಕಲಿಯಲು ವರ್ಷಗಳು ಬೇಕು. ತನಗೆ ಹೊಡೆಯಲು ಅನುಕೂಲವಿಲ್ಲದಾಗ ಬಿಳಿಯದನ್ನು ಬೇರೊಂದು ಚೆಂಡಿನ ಮರೆಯಲ್ಲಿ ನಿಲ್ಲಿಸಿ ಎದುರಾಳಿಯನ್ನು ಕಟ್ಟಿಹಾಕುವುದೂ ಒಂದು ಜಾಣತನ. ಈ ಮರೆಗೇ ಸ್ನೂಕರ್ ಎಂದು ಹೆಸರು.

ಜಬ್ಬಲಪುರದ ಮಳೆಗಾಲ

ಆ ಹೆಸರಿನ ಕಥೆ ಸ್ವಾರಸ್ಯವಾದುದು. ೧೮೭೫ರಲ್ಲಿ ಮಧ್ಯಪ್ರಾಂತದ ಜಬ್ಬಲಪುರದಲ್ಲಿ ಡೆವನ್‌ಷೈರ್ ದಂಡಿನ ಅಧಿಕಾರಿಗಳು ಬೀಡುಬಿಟ್ಟಿದ್ದರು. ಮಳೆಗಾಲ; ಹೊರಗೆ ಹೋಗುವಂತಿಲ್ಲ. ಅವರು ಬಿಲಿಯರ್ಡ್ಸ್ ಮೇಜಿನ ಮೇಲೆ ‘ಪಿರಮಿಡ್ಸ್’, ‘ಕರಿಚೆಂಡಿನ ಪೂಲ್’ ಮೊದಲಾದ ಪಣದಾಟಗಳನ್ನು ಆಡುತ್ತ ಕಾಲಕಳೆಯುತ್ತಿದ್ದರು. ಪಿರಮಿಡ್ಸ್ ಆಟದಲ್ಲಿ ಹದಿನೈದು ಕೆಂಪು ಚೆಂಡುಗಳಿದ್ದುವು. ಇನ್ನೊಂದರಲ್ಲಿ ಬಣ್ಣದ ಚೆಂಡುಗಳಿದ್ದುವು. ನೆವಿಲ್ ಚೇಂಬರ್ಲೇನ್ ಎಂಬ ತರುಣ ಅಧಿಕಾರಿಯು ಈ ಎರಡನ್ನೂ ಕೂಡಿಸಿ ಒಂದು ಹೊಸ ಆಟವನ್ನು ಕಟ್ಟಿದನು. (ಮುಂದೆ ಇಂಗ್ಲೆಂಡಿನ ಪ್ರಧಾನಮಂತ್ರಿಯಾದ ನೆವಿಲ್ ಚೇಂಬರ್ಲೇನನು ಬೇರೆ, ಈತನೇ ಬೇರೆ.)

ವುಲಿಚ್ ಎಂಬಲ್ಲಿಯ ರಾಜಸೈನಿಕ ವಿದ್ಯಾಲಯದಲ್ಲಿ ಮೊದಲನೆಯ ವರ್ಷದ ವಿದ್ಯಾರ್ಥಿಗಳನ್ನು ಹಿರಿಯರು ‘ಸ್ನೂಕರ್’ ಎಂದು ಹಾಸ್ಯಮಾಡುವ ಪದ್ಧತಿಯಿದ್ದಿತಂತೆ. ಈ ಮಾತನ್ನು ಅತಿಥಿಯೊಬ್ಬನಿಂದ ಕೇಳಿ ತಿಳಿದಿದ್ದ ಚೇಂಬರ್ಲೇನನು, ಸುಲಭವಾದ ಚೆಂಡನ್ನು ತಪ್ಪಿದ ಗೆಳೆಯನೊಬ್ಬನನ್ನು ಕುರಿತು ‘ನೀನು ಶುದ್ಧ ಸ್ನೂಕರ್’ ಎಂದು ಕೂಗಿದನು. ಆ ಗೆಳೆಯನಿಗೆ ನೋವಾಗಬಾರದೆಂದು, ‘ಈ ಹೊಸ ಆಟದಲ್ಲಿ ನಾವೆಲ್ಲರೂ ಸ್ನೂಕರ್‌ಗಳೇ’ ಎಂಬ ಭಾವದ ಮಾತನ್ನೂ ಸೇರಿಸಿದನು. ಹೀಗೆ ಬೈಗುಳದಂತಿದ್ದ ಮಾತು ಆಟದ ಹೆಸರಾಯಿತು. ಹಳೆಯ ಅಧಿಕಾರಿಯಾಗಿ ನಿವೃತ್ತಿ ಹೊಂದಿದ ಬಳಿಕ ಚೇಂಬರ್ಲೇನನು ೧೯೩೮ರಲ್ಲಿ ಇಂಗ್ಲೆಂಡಿನ ಪತ್ರಿಕೆಯೊಂದಕ್ಕೆ ಬರೆದ ಪತ್ರದಲ್ಲಿ ಈ ಸಂಗತಿಯನ್ನು ತಿಳಿಸಿದನು, ೧೯೪೪ರಲ್ಲಿ ತೀರಿಕೊಂಡನು.

ಜಬ್ಬಲಪುರದಲ್ಲಿ ಹುಟ್ಟಿದ ಶಿಶು ಬೆಳೆದುದು ನಮ್ಮ ನೆರೆಯ ನೀಲಗಿರಿಯಲ್ಲಿ. ಮದರಾಸಿನ ಸೇನಾಪತಿಯ ಪರಿವಾರದೊಡನೆ ಚೇಂಬರ್ಲೇನನು ೧೮೮೦ರ ದಶಕದ ಆರಂಭದಲ್ಲಿ ಉದಕಮಂಡಲಕ್ಕೆ ಬಂದನು. ಗುಂಡ್ಲುಪೇಟೆಯನ್ನು ದಾಟಿ ಘಟ್ಟವೇರಿದರೆ ಸಿಕ್ಕುವ ಆ ತಂಪು ಊರಿನ ಕ್ಲಬ್ಬಿನಲ್ಲಿ ಆಟದ ನಿಯಮಗಳನ್ನು ಬರೆದು ಬಿಲಿಯರ್ಡ್ಸ್ ಕೋಣೆಯಲ್ಲಿ ತೂಗುಹಾಕಿದರು. ಇಂಗ್ಲೆಂಡಿನ ಪ್ರಖ್ಯಾತ ಬಿಲಿಯರ್ಡ್ಸ್ ಪಟು ಕಿರಿಯ ಜಾನ್ ರಾಬರ್ಟ್ಸ್ ೧೮೮೫ರಲ್ಲಿ ಕಲ್ಕತ್ತೆಗೆ ಬಂದಾಗ, ಕೂಚ್‌ಬಿಹಾರದ ಮಹಾರಾಜರ ಔತಣದಲ್ಲಿ ತಾನೇ ಅವನಿಗೆ ಆಟವನ್ನು ವಿವರಿಸಿದುದಾಗಿ ಚೇಂಬರ್ಲೇನನು ಹೇಳಿಕೊಂಡಿರುವನು. ಹೀಗೆ ಆಟವು ಸಮುದ್ರವನ್ನು ದಾಟಿತು. ಚಹವನ್ನೂ ಹತ್ತಿಯನ್ನೂ ಕೊಂಡೊಯ್ದ ಹಡಗುಗಳು ಒಂದು ಆಟವನ್ನೂ ಕೊಂಡೊಯ್ದುವು.

ಇಂಗ್ಲೆಂಡಿನಲ್ಲಿ ಅದಕ್ಕೆ ಮನ್ನಣೆ ಮೆಲ್ಲಮೆಲ್ಲನೆ ಬಂದಿತು. ಅಲ್ಲಿಯ ಹವ್ಯಾಸಿಗಳ ರಾಷ್ಟ್ರೀಯ ಸ್ನೂಕರ್ ಪಂದ್ಯವು ೧೯೧೬ರಲ್ಲಿ ಪ್ರಾರಂಭವಾಯಿತು. ವೃತ್ತಿಪರರ ವಿಶ್ವಪಂದ್ಯವು ೧೯೨೭ರಲ್ಲಿ ಮೊದಲ ಬಾರಿ ನಡೆದಾಗ ವಿಜಯಿಯಾದ ಜೋ ಡೇವಿಸನಿಗೆ ಕೈಗೆ ಬಂದ ಹಣ ಆರು ಪೌಂಡು ಹತ್ತು ಶಿಲಿಂಗು ಮಾತ್ರ. ಇಂದು ಅದೇ ಪ್ರಶಸ್ತಿಗೆ ಲಕ್ಷಗಟ್ಟಲೆ ಪೌಂಡುಗಳ ಬಹುಮಾನವಿದೆಯೆಂಬುದನ್ನು ನೆನೆದರೆ ಆಟವು ನಡೆದುಬಂದ ದೂರ ತಿಳಿಯುವುದು.

ದಂತದ ಚೆಂಡುಗಳು

ಇಲ್ಲಿ ಚೆಂಡುಗಳ ವಿಷಯವಾಗಿ ಒಂದು ಮಾತನ್ನು ಹೇಳದೆ ಮುಂದುವರಿಯಲಾಗದು. ಹಿಂದಿನ ಕಾಲದಲ್ಲಿ ಇವನ್ನು ಆನೆಯ ದಂತದಿಂದ ಕಡೆಯುತ್ತಿದ್ದರು. ದಂತದ ನಟ್ಟನಡುವಿನ ಭಾಗ ಮಾತ್ರ ಇದಕ್ಕೆ ಒದಗುವುದರಿಂದ ಒಂದು ದಂತಕ್ಕೆ ಕೆಲವೇ ಚೆಂಡುಗಳು ದೊರೆಯುತ್ತಿದ್ದುವು. ಬಿಲಿಯರ್ಡ್ಸಿಗೆ ಮೂರು ಚೆಂಡು ಸಾಕು, ಸ್ನೂಕರಿಗೆ ಇಪ್ಪತ್ತೆರಡು. ಒಂದು ಮೇಜಿನ ವಿನೋದಕ್ಕೆ ಎಷ್ಟು ಆನೆಗಳ ಪ್ರಾಣ ಹೋಗುತ್ತಿದ್ದಿತೆಂಬುದನ್ನು ವಾಚಕರೇ ಊಹಿಸಬಹುದು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ದಂತದ ಬೆಲೆ ಏರಲು, ಅಮೇರಿಕದ ವ್ಯಾಪಾರಿಗಳು ಬದಲಿ ವಸ್ತುವನ್ನು ಕಂಡುಹಿಡಿದವರಿಗೆ ಹತ್ತು ಸಾವಿರ ಡಾಲರುಗಳ ಬಹುಮಾನವನ್ನು ಸಾರಿದರು. ಜಾನ್ ವೆಸ್ಲಿ ಹಯಟ್ ಎಂಬಾತನು ಈ ಪ್ರಯತ್ನದಲ್ಲಿಯೇ ಸೆಲ್ಯುಲಾಯ್ಡ್ ಎಂಬ ಕೃತಕ ವಸ್ತುವನ್ನು ಸಿದ್ಧಗೊಳಿಸಿದನು. ಇಂದು ನಮ್ಮ ಅಡುಗೆಮನೆಯಿಂದ ಅಂಗಡಿಯವರೆಗೆ ತುಂಬಿರುವ ಪ್ಲಾಸ್ಟಿಕ್ ವಸ್ತುಗಳ ವಂಶವೃಕ್ಷದ ಬೇರಿನಲ್ಲಿ ಒಂದು ಬಿಲಿಯರ್ಡ್ಸ್ ಚೆಂಡು ಇದೆಯೆಂಬುದು ಸೋಜಿಗವಲ್ಲವೆ? ಈಗಿನ ಚೆಂಡುಗಳು ಗಟ್ಟಿಯಾದ ಕೃತಕ ರಾಳದವು. ಆನೆಗೆ ಇವುಗಳಿಂದ ಕೇಡಿಲ್ಲ.

ಹವ್ಯಾಸಿ ಎಂದರೆ ಯಾರು?

ಇನ್ನು ನಮ್ಮ ರಾಷ್ಟ್ರೀಯ ಪಂದ್ಯದ ವಿಚಾರ. ಆಂಗ್ಲೇಯರ ಕಾಲದ ಕ್ರೀಡಾಪದ್ಧತಿಯಲ್ಲಿ ಆಟಗಾರರಿಗೆ ಎರಡು ಜಾತಿಗಳು. ಆಟದಿಂದಲೇ ಹೊಟ್ಟೆಹೊರೆಯುವವನು ವೃತ್ತಿಪರ. ಆಟವನ್ನು ಆಟಕ್ಕಾಗಿ ಆಡಿ, ಅದರಿಂದ ಹಣವನ್ನು ಅಪೇಕ್ಷಿಸದವನು ಹವ್ಯಾಸಿ. ಕ್ಲಬ್ಬಿನಲ್ಲಿ ಅಂಕವೆಣಿಸುವ ಬಡ ‘ಮಾರ್ಕರ್’ ಎಷ್ಟೇ ಚೆನ್ನಾಗಿ ಆಡಿದರೂ, ಆ ಕೆಲಸಕ್ಕೆ ಸಂಬಳ ಪಡೆಯುವನಾದುದರಿಂದ ಹವ್ಯಾಸಿಗಳ ಸಾಲಿಗೆ ಸೇರಲಾರನು. ಅವನಿಂದ ಪಾಠ ಹೇಳಿಸಿಕೊಂಡ ಯಜಮಾನನು ಸೇರಬಹುದು. ಇದರಲ್ಲಿ ಒಂದು ಉದಾತ್ತ ಭಾವನೆಯೂ ಉಂಟು, ಒಂದು ಅನ್ಯಾಯವೂ ಉಂಟು.

೧೯೩೦ರ ದಶಕದಲ್ಲಿ ಭಾರತದ ಹವ್ಯಾಸಿ ಬಿಲಿಯರ್ಡ್ಸ್ ಪಂದ್ಯಗಳು ನೆಲೆಗೊಂಡುವು. ಅವುಗಳ ಬೆನ್ನಿಗೆ ೧೯೩೯ರಲ್ಲಿ ರಾಷ್ಟ್ರೀಯ ಸ್ನೂಕರ್ ಪಂದ್ಯವು ಪ್ರಾರಂಭವಾಯಿತು. ಮೊದಲನೆಯ ವಿಜಯಿ ಪಿ. ಕೆ. ದೇಬ್. ಐರೋಪ್ಯರ ಕೋಣೆಗಳಲ್ಲಿ ಬೆಳೆದ ಆಟದ ಮೊಟ್ಟಮೊದಲ ರಾಷ್ಟ್ರೀಯ ಪ್ರಶಸ್ತಿಯೇ ಭಾರತೀಯನೊಬ್ಬನ ಹೆಸರಿನಲ್ಲಿ ಬರೆಯಲ್ಪಟ್ಟಿತು. ಅಂದಿನ ಕಾಲದಲ್ಲಿ ಈ ಆಟದ ರಾಜಧಾನಿ ಕಲ್ಕತ್ತಾ. ದೊಡ್ಡ ಕ್ಲಬ್ಬುಗಳೂ, ಒಳ್ಳೆಯ ಮೇಜುಗಳೂ, ಖರ್ಚನ್ನು ಹೊರಬಲ್ಲ ವರ್ತಕರೂ ಅಲ್ಲಿ ಇದ್ದರು. ಒಂದು ಟನ್ನಿಗೂ ಮಿಕ್ಕಿದ ತೂಕದ ಈ ಕಲ್ಲಿನ ಮೇಜನ್ನು ಊರಿಂದೂರಿಗೆ ಸಾಗಿಸುವುದು ಸಣ್ಣ ಮಾತಲ್ಲ. ಮೇಜು ಇದ್ದಲ್ಲಿಗೆ ಆಟಗಾರರೇ ಬರಬೇಕಾಗಿತ್ತು. ನಾಲ್ಕಾಣೆಯ ಚೆಂಡಿನಿಂದ ಗಲ್ಲಿಯಲ್ಲಿ ಕಲಿಯಬಹುದಾದ ಆಟಗಳಂತೆ ಇದು ಹಬ್ಬದಿರುವುದಕ್ಕೆ ಮುಖ್ಯ ಕಾರಣವೂ ಇದೇ.

ವಿಲ್ಸನ್ ಜೋನ್ಸ್

ಸ್ವಾತಂತ್ರ್ಯ ಬಂದ ಮರುವರ್ಷ, ೧೯೪೮ರಲ್ಲಿ, ರಾಷ್ಟ್ರೀಯ ಸ್ನೂಕರ್ ಪ್ರಶಸ್ತಿಯನ್ನು ಪಡೆದವರು ವಿಲ್ಸನ್ ಜೋನ್ಸ್. ೧೯೨೨ರಲ್ಲಿ ಪುಣೆಯಲ್ಲಿ ಹುಟ್ಟಿದ ಇವರು ಅರಮನೆಯವರಲ್ಲ, ದೊಡ್ಡ ಅಧಿಕಾರಿಯೂ ಅಲ್ಲ. ಮುಂದೆ ೧೯೫೨, ೧೯೫೪, ೧೯೫೮, ೧೯೬೦ರಲ್ಲಿಯೂ ಗೆದ್ದು ಒಟ್ಟು ಐದು ಬಾರಿ ಸ್ನೂಕರ್ ವಿಜಯಿಯಾದರು. ಬಿಲಿಯರ್ಡ್ಸಿನಲ್ಲಿ ೧೯೫೦ರಿಂದ ೧೯೬೬ರೊಳಗೆ ಹನ್ನೆರಡು ಬಾರಿ ರಾಷ್ಟ್ರೀಯ ಪ್ರಶಸ್ತಿ ಅವರದಾಯಿತು.

೧೯೫೮ರಲ್ಲಿ ಕಲ್ಕತ್ತೆಯ ಗ್ರೇಟ್ ಈಸ್ಟರ್ನ್ ಹೋಟೆಲಿನಲ್ಲಿ ಹವ್ಯಾಸಿಗಳ ವಿಶ್ವ ಬಿಲಿಯರ್ಡ್ಸ್ ಪಂದ್ಯ ನಡೆಯಿತು. ಅದರಲ್ಲಿ ಜೋನ್ಸರು ಗೆದ್ದರು. ಯಾವುದೇ ಕ್ರೀಡೆಯಲ್ಲಿ ವ್ಯಕ್ತಿಗತವಾದ ವಿಶ್ವವಿಜಯವನ್ನು ಪಡೆದ ಮೊದಲನೆಯ ಭಾರತೀಯರು ಅವರೇ. ಹಾಕಿಯಲ್ಲಿ ನಮ್ಮ ತಂಡವು ಅದಕ್ಕಿಂತ ಮುಂಚೆಯೇ ಲೋಕವನ್ನು ಗೆದ್ದಿತ್ತು, ನಿಜ. ಆದರೆ ಅದು ಹನ್ನೊಂದು ಮಂದಿಯ ಗೆಲುವು. ಒಬ್ಬನೇ ನಿಂತು, ಒಂದು ಕೋಲನ್ನು ಹಿಡಿದು, ತನ್ನ ಕೈಯೊಂದನ್ನೇ ನಂಬಿ ಗೆದ್ದ ಗೆಲುವು ಇದು. ೧೯೬೪ರಲ್ಲಿ ನ್ಯೂಜಿಲೆಂಡಿನಲ್ಲಿ ಅದೇ ಪ್ರಶಸ್ತಿಯನ್ನು ಮತ್ತೊಮ್ಮೆ ಗೆದ್ದು, ಕಲ್ಕತ್ತೆಯ ವಿಜಯವು ಮನೆಯಂಗಳದ ಅನುಕೂಲದಿಂದ ಬಂದುದಲ್ಲವೆಂದು ತೋರಿಸಿಕೊಟ್ಟರು. ಸರಕಾರವು ೧೯೬೫ರಲ್ಲಿ ಅವರಿಗೆ ಪದ್ಮಶ್ರೀಯನ್ನು ನೀಡಿತು. ಆಟವನ್ನು ಬಿಟ್ಟ ಮೇಲೂ ಮೇಜನ್ನು ಬಿಡದೆ ಕಿರಿಯರಿಗೆ ಪಾಠ ಹೇಳಿದರು. ಆ ಸೇವೆಗಾಗಿ ೧೯೯೬ರಲ್ಲಿ ದ್ರೋಣಾಚಾರ್ಯ ಪ್ರಶಸ್ತಿ ಬಂದಿತು. ೨೦೦೩ರಲ್ಲಿ ಅವರು ನಿಧನ ಹೊಂದಿದರು.

ಕಲ್ಕತ್ತೆಯಿಂದ ಡಬ್ಲಿನ್ನಿಗೆ

ಬಿಲಿಯರ್ಡ್ಸಿಗೆ ವಿಶ್ವಪಂದ್ಯವಿದ್ದಂತೆ ಸ್ನೂಕರಿಗೂ ಹವ್ಯಾಸಿಗಳ ವಿಶ್ವಪಂದ್ಯವೊಂದು ಇರಬೇಕೆಂಬ ಆಲೋಚನೆ ಕೈಗೂಡಿದುದು ೧೯೬೩ರಲ್ಲಿ. ಅದೂ ಕಲ್ಕತ್ತೆಯಲ್ಲಿಯೇ. ಅದರ ವಿಜಯಪಾತ್ರೆಯನ್ನು ದಾನವಾಗಿ ಇತ್ತವರು ಭಾರತದ ಬಿಲಿಯರ್ಡ್ಸ್ ಸಂಸ್ಥೆಯ ಪ್ರಮುಖರಾಗಿದ್ದ ಎಂ. ಎಂ. ಬೆಗ್. ಮೊದಲನೆಯ ವಿಜಯಿ ಇಂಗ್ಲೆಂಡಿನ ಗ್ಯಾರಿ ಓವೆನ್. ಜಬ್ಬಲಪುರದಲ್ಲಿ ಹುಟ್ಟಿದ ಆಟದ ಹವ್ಯಾಸಿ ವಿಶ್ವಪಂದ್ಯವೂ ಭಾರತದಲ್ಲಿಯೇ ಹುಟ್ಟಿದುದು ಯೋಗ್ಯವೇ ಸರಿ.

ನಮ್ಮ ರಾಷ್ಟ್ರೀಯ ಪಂದ್ಯದ ಆ ಕಾಲದ ಒಂದು ವಿಶೇಷವನ್ನು ಇಲ್ಲಿ ಹೇಳಬೇಕು. ನೆರೆಯ ಸಿಂಹಳದಿಂದ ಬಂದ ಎಂ. ಜೆ. ಎಂ. ಲಫೀರ್ ಎಂಬವರು ಭಾರತದ ರಾಷ್ಟ್ರೀಯ ಸ್ನೂಕರ್ ಪ್ರಶಸ್ತಿಯನ್ನು ಹಲವು ಬಾರಿ ಗೆದ್ದರು. ಪರದೇಶದವನೆಂದು ಅವರಿಗೆ ಬಾಗಿಲು ಮುಚ್ಚಲಿಲ್ಲ. ಸೋತವರು ಅವರಿಂದ ಕಲಿತರು. ೧೯೭೩ರಲ್ಲಿ ಮುಂಬಯಿಯಲ್ಲಿ ನಡೆದ ವಿಶ್ವ ಬಿಲಿಯರ್ಡ್ಸ್ ಪಂದ್ಯದಲ್ಲಿ ಗೆದ್ದು ಅವರು ತಮ್ಮ ದೇಶಕ್ಕೆ ಕೀರ್ತಿ ತಂದರು. ಅತಿಥಿಯನ್ನು ಸ್ಪರ್ಧಿಯನ್ನಾಗಿ ಬರಮಾಡಿಕೊಂಡುದರಿಂದ ನಮ್ಮವರ ಆಟಕ್ಕೆ ನಷ್ಟವಾಗದೆ ಲಾಭವೇ ಆಯಿತು. ಶ್ಯಾಮ್ ಶ್ರಾಫ್, ಸತೀಶ್ ಮೋಹನ್ ಮೊದಲಾದವರು ಪ್ರಶಸ್ತಿ ಗೆದ್ದುದು ಈ ಅವಧಿಯಲ್ಲಿಯೇ.

ಮುಂಬಯಿಯ ಮೈಕೇಲ್ ಫೆರೇರಾ ಅವರು ೧೯೭೭, ೧೯೮೧, ೧೯೮೩ರಲ್ಲಿ ವಿಶ್ವ ಹವ್ಯಾಸಿ ಬಿಲಿಯರ್ಡ್ಸ್ ವಿಜಯಿಗಳಾದರು. ೧೯೭೮ರ ರಾಷ್ಟ್ರೀಯ ಪಂದ್ಯದಲ್ಲಿ ಒಂದೇ ಸರದಿಯಲ್ಲಿ ೧೧೪೯ ಅಂಕಗಳನ್ನು ಗಳಿಸಿದರು. ಸರಕಾರವು ಪದ್ಮಶ್ರೀಯನ್ನು ಕೊಡಬಂದಾಗ ಅವರು ಅದನ್ನು ಒಪ್ಪಲಿಲ್ಲ. ಕ್ರಿಕೆಟ್ ಆಟಗಾರರೊಬ್ಬರಿಗೆ ಅದಕ್ಕಿಂತ ಮೇಲಿನ ಪದ್ಮಭೂಷಣ ದೊರೆತಿರುವಾಗ ವಿಶ್ವವನ್ನೇ ಗೆದ್ದವನಿಗೆ ಕಡಮೆಯದು ಏಕೆ ಎಂಬುದು ಅವರ ಪ್ರಶ್ನೆ. ಅದನ್ನು ಅಹಂಕಾರವೆಂದವರೂ ಇದ್ದರು. ಆದರೆ ಅವರ ಪ್ರಶ್ನೆ ತಮ್ಮೊಬ್ಬರ ಪರವಾಗಿರದೆ ಒಂದು ಆಟದ ಮಾನದ ಪರವಾಗಿತ್ತು. ೧೯೮೩ರಲ್ಲಿ ಅವರಿಗೆ ಪದ್ಮಭೂಷಣವೇ ಬಂದಿತು.

ಸ್ನೂಕರಿನಲ್ಲಿ ಭಾರತದ ಕಾಯುವಿಕೆ ಮುಗಿದುದು ೧೯೮೪ರಲ್ಲಿ. ಐರ್ಲೆಂಡಿನ ಡಬ್ಲಿನ್ ನಗರದಲ್ಲಿ ನಡೆದ ಹವ್ಯಾಸಿಗಳ ವಿಶ್ವಪಂದ್ಯದಲ್ಲಿ ಓಂಪ್ರಕಾಶ್ ಅಗರ್ವಾಲ್ ಅವರು ಗೆದ್ದರು. ಇವರಿಗೆ ಪಾಠ ಹೇಳಿದವರಲ್ಲಿ ವಿಲ್ಸನ್ ಜೋನ್ಸರೂ ಒಬ್ಬರೆಂಬುದನ್ನು ನೆನೆದರೆ, ಒಂದು ತಲೆಮಾರಿನ ವಿದ್ಯೆ ಮುಂದಿನದಕ್ಕೆ ಹರಿದ ಬಗೆ ಕಾಣುವುದು. ಆದರೆ ದೈವವು ಅವರಿಗೆ ದೀರ್ಘಾಯುಸ್ಸನ್ನು ಕೊಡಲಿಲ್ಲ; ೧೯೯೪ರಲ್ಲಿ, ನಾಲ್ವತ್ತು ತುಂಬುವ ಮೊದಲೇ ಅವರು ಕಾಲವಾದರು.

ಇನ್ನೊಂದು ದಿನವನ್ನು ರಾಷ್ಟ್ರೀಯ ಪಂದ್ಯದ ಪಂಚಾಂಗದಲ್ಲಿ ಗುರುತುಹಾಕಿಡಬೇಕು. ಅದು ೧೯೮೮ರ ಫೆಬ್ರುವರಿ ೨೧. ಆ ದಿನ ಅಹಮದಾಬಾದಿನ ಗೀತ್ ಸೇಠಿಯವರು ಭಾರತದ ರಾಷ್ಟ್ರೀಯ ಸ್ನೂಕರ್ ಪಂದ್ಯದಲ್ಲಿ ೧೪೭ರ ಪರಮಾವಧಿಯನ್ನು ಮುಟ್ಟಿದರು. ಪಂದ್ಯದಲ್ಲಿ ಹವ್ಯಾಸಿಯೊಬ್ಬನು ಗಳಿಸಿ ಅಧಿಕೃತವಾಗಿ ಮಾನ್ಯವಾದ ಮೊದಲನೆಯ ೧೪೭ ಅದೇ. ಅಂತಹ ಸರದಿಯಲ್ಲಿ ಕೊನೆಯ ಐದಾರು ಚೆಂಡುಗಳ ಹೊತ್ತಿಗೆ ನೋಡುವವರು ಉಸಿರು ಬಿಡಲೂ ಅಂಜುವರು. ಆಡುವವನ ಕೈ ಮಾತ್ರ ನಡುಗಬಾರದು. ಸೇಠಿಯವರು ಮುಂದೆ ವೃತ್ತಿಪರರ ವಿಶ್ವ ಬಿಲಿಯರ್ಡ್ಸಿನಲ್ಲಿಯೂ ಅಗ್ರಗಣ್ಯರಾಗಿ, ೧೯೯೨ರಲ್ಲಿ ಒಂದೇ ಸರದಿಗೆ ೧೨೭೬ ಅಂಕಗಳನ್ನು ಗಳಿಸಿದರು.

ಬೆಂಗಳೂರಿನ ಪಾತ್ರ

ಕಲ್ಕತ್ತಾ ಮುಂಬಯಿಗಳ ಪ್ರಾಬಲ್ಯವಿದ್ದ ಈ ಆಟದಲ್ಲಿ ನಮ್ಮ ಬೆಂಗಳೂರು ತನ್ನ ಸ್ಥಾನವನ್ನು ಮೆಲ್ಲಗೆ ಗಳಿಸಿತು. ಬೆಂಗಳೂರಿನ ಅರವಿಂದ ಸವೂರ್ ಅವರು ೧೯೭೦ರ ದಶಕದಲ್ಲಿ ರಾಷ್ಟ್ರೀಯ ಸ್ನೂಕರ್ ವಿಜಯಿಗಳಾದರು. ೧೯೮೭ರಲ್ಲಿ ಹವ್ಯಾಸಿಗಳ ವಿಶ್ವ ಸ್ನೂಕರ್ ಪಂದ್ಯ ಬೆಂಗಳೂರಿನಲ್ಲಿಯೇ ನಡೆದು ವೇಲ್ಸಿನ ಡ್ಯಾರೆನ್ ಮಾರ್ಗನ್ ಗೆದ್ದನು. ೨೦೧೧ರಲ್ಲಿ ಮತ್ತು ೨೦೧೪ರಲ್ಲಿ ಅದೇ ಪಂದ್ಯ ಮತ್ತೆ ಈ ನಗರಕ್ಕೆ ಬಂದಿತು. ೨೦೧೪ರಲ್ಲಿ ಗೆದ್ದವನು ಚೀನಾ ದೇಶದ ಯಾನ್ ಬಿಂಗ್‌ಟಾವ್. ಅವನಿಗೆ ಆಗ ಹದಿನಾಲ್ಕು ವಯಸ್ಸು ಮಾತ್ರ.

ಸವೂರರ ಹಿರಿಯ ಕಾಣಿಕೆಯೆಂದರೆ ಅವರ ಶಿಷ್ಯ. ೧೯೮೫ರಲ್ಲಿ ಪುಣೆಯಲ್ಲಿ ಹುಟ್ಟಿ, ಕುವೈತಿನಲ್ಲಿ ಶೈಶವವನ್ನು ಕಳೆದು, ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡು ತಾಯಿಯೊಡನೆ ಬೆಂಗಳೂರಿಗೆ ಬಂದ ಪಂಕಜ್ ಆಡ್ವಾಣಿ ಎಂಬ ಹುಡುಗನು, ಅಣ್ಣನ ಹಿಂದೆ ಸ್ನೂಕರ್ ಕೋಣೆಗೆ ಹೋಗಿ ಆಟಕ್ಕೆ ಮನಸೋತನು. ಸವೂರರ ಬಳಿ ಶಾಸ್ತ್ರೋಕ್ತವಾಗಿ ಕಲಿತನು. ಕಿರಿಯರ ರಾಷ್ಟ್ರೀಯ ಪಂದ್ಯಗಳನ್ನು ಗೆದ್ದು, ೨೦೦೩ರಲ್ಲಿ ಚೀನಾದ ಜಿಯಾಂಗ್‌ಮೆನ್ ನಗರದಲ್ಲಿ ಹವ್ಯಾಸಿಗಳ ವಿಶ್ವ ಸ್ನೂಕರ್ ಪ್ರಶಸ್ತಿಯನ್ನು ಪಡೆದನು. ಆಗ ಅವನ ವಯಸ್ಸು ಹದಿನೆಂಟು. ಅಲ್ಲಿಂದ ಮುಂದೆ ಬಿಲಿಯರ್ಡ್ಸ್, ಸ್ನೂಕರ್ ಎರಡರಲ್ಲಿಯೂ ಸೇರಿ ಇಪ್ಪತ್ತಕ್ಕೂ ಮಿಕ್ಕಿದ ವಿಶ್ವಪ್ರಶಸ್ತಿಗಳು ಈ ಕನ್ನಡನಾಡಿನ ನಿವಾಸಿಯ ಪಾಲಾಗಿವೆ. ಸ್ನೂಕರಿನ ಹವ್ಯಾಸಿ ವಿಶ್ವಪ್ರಶಸ್ತಿಯು ೨೦೧೫ರಲ್ಲಿ ಈಜಿಪ್ಟಿನಲ್ಲಿಯೂ, ೨೦೧೭ರಲ್ಲಿ ದೋಹಾದಲ್ಲಿಯೂ ಮತ್ತೆ ಅವರಿಗೆ ದೊರೆಯಿತು. ೨೦೧೮ರಲ್ಲಿ ಅವರಿಗೆ ಪದ್ಮಭೂಷಣ ಸಂದಿತು.

ಗೃಹಸ್ಥರು ಗಮನಿಸತಕ್ಕ ಒಂದು ಅಂಶವೆಂದರೆ, ಈ ಹುಡುಗನು ಓದನ್ನು ಬಿಡಲಿಲ್ಲ. ಬೆಂಗಳೂರಿನಲ್ಲಿಯೇ ವಾಣಿಜ್ಯಶಾಸ್ತ್ರವನ್ನು ವ್ಯಾಸಂಗಮಾಡಿದನು. ಅಣ್ಣ ಶ್ರೀ ಆಡ್ವಾಣಿಯವರು ಕ್ರೀಡಾಮನಶ್ಶಾಸ್ತ್ರವನ್ನು ಕಲಿತು ತಮ್ಮನಿಗೆ ನೆರವಾದರು. ಮನೆಯವರು ಕಣ್ಣಿಟ್ಟು ಕ್ರಮದಿಂದ ನಡೆಸಿದರೆ ಮುಚ್ಚಿದ ಕೋಣೆಯ ಆಟವೂ ವಿದ್ಯೆಯಾಗಬಲ್ಲುದು.

ಸ್ತ್ರೀಯರ ಪ್ರವೇಶ

ಒಂದು ಕಾಲದಲ್ಲಿ ಅನೇಕ ಕ್ಲಬ್ಬುಗಳ ಬಿಲಿಯರ್ಡ್ಸ್ ಕೋಣೆಗೆ ಸ್ತ್ರೀಯರು ಕಾಲಿಡುವಂತಿರಲಿಲ್ಲ. ಇಂದು ರಾಷ್ಟ್ರೀಯ ಪಂದ್ಯಗಳಲ್ಲಿ ಸ್ತ್ರೀಯರಿಗೂ ಪ್ರತ್ಯೇಕ ವಿಭಾಗವಿದೆ. ಅದರಲ್ಲಿ ಬೆಂಗಳೂರಿನವರ ಹೆಸರು ಮೇಲ್ಗಡೆಯೇ ಇದೆ. ಮೊದಲು ಹಾಕಿ ಆಡುತ್ತಿದ್ದ ಚಿತ್ರಾ ಮಗಿಮೈರಾಜ್ ಅವರು ೨೦೦೬ರಲ್ಲಿ ಮಹಿಳೆಯರ ವಿಶ್ವ ಬಿಲಿಯರ್ಡ್ಸ್ ಪ್ರಶಸ್ತಿಯನ್ನು ಗೆದ್ದರು. ರಾಷ್ಟ್ರೀಯ ಸ್ನೂಕರ್ ಪ್ರಶಸ್ತಿಯನ್ನು ಅನೇಕ ಬಾರಿ ಪಡೆದ ವಿದ್ಯಾ ಪಿಳ್ಳೆಯವರು ೨೦೧೭ರಲ್ಲಿ ಸಿಂಗಪುರದ ಮಹಿಳಾ ವಿಶ್ವ ಸ್ನೂಕರ್ ಪಂದ್ಯದ ಅಂತಿಮ ಘಟ್ಟವನ್ನು ತಲಪಿ, ಗಂಟೆಗಟ್ಟಲೆ ಹೋರಾಡಿ, ಹಾಂಗ್‌ಕಾಂಗಿನ ಙ್ ಆನ್‌ಯೀ ಅವರಿಗೆ ೬-೫ರಿಂದ, ಅಂದರೆ ಕೊನೆಯ ಒಂದೇ ಆಟದಿಂದ, ಸೋತರು.

ಆರ್. ಉಮಾದೇವಿಯವರ ವೃತ್ತಾಂತ ಎಲ್ಲಕ್ಕಿಂತಲೂ ನಮ್ಮ ಓದುಗರಿಗೆ ಸಮೀಪವಾದುದು. ಕರ್ನಾಟಕ ಸರಕಾರದ ತೋಟಗಾರಿಕೆ ಇಲಾಖೆಯಲ್ಲಿ ಉದ್ಯೋಗದಲ್ಲಿದ್ದ ಗೃಹಿಣಿ ಇವರು. ಬೇರೆಯವರು ಬಾಲ್ಯದಲ್ಲಿ ಹಿಡಿಯುವ ಕೋಲನ್ನು ಇವರು ಹಿಡಿದುದು ಪ್ರಾಯ ಬಂದ ಮೇಲೆ, ಕಚೇರಿಯ ಕೆಲಸ ಮುಗಿದ ಬಳಿಕದ ಬಿಡುವಿನಲ್ಲಿ. ಹಾಗೆ ಪ್ರಾರಂಭಿಸಿದವರು ಕರ್ನಾಟಕವನ್ನೂ ಭಾರತವನ್ನೂ ಪ್ರತಿನಿಧಿಸಿ ೨೦೧೨ರಲ್ಲಿ ಇಂಗ್ಲೆಂಡಿನಲ್ಲಿ ವಿಶ್ವ ಮಹಿಳಾ ಬಿಲಿಯರ್ಡ್ಸ್ ವಿಜಯಿನಿಯಾದರು. ಕಚೇರಿ, ಮನೆ, ಮೇಜು ಮೂರನ್ನೂ ತೂಗಿಸಿದ ಈ ಸಾಧನೆಯ ಮುಂದೆ, ‘ನಮಗೆ ಹೊತ್ತೆಲ್ಲಿದೆ?’ ಎಂಬ ಮಾತು ಬಹುಮಟ್ಟಿಗೆ ನೆವವೆಂದು ತೋರುವುದು.

ಹವ್ಯಾಸಿಯ ಅನ್ನದ ಪ್ರಶ್ನೆ

ಇಷ್ಟೆಲ್ಲ ಕೀರ್ತಿಯಿದ್ದರೂ ಈ ಪಂದ್ಯದ ತಳದಲ್ಲಿ ಒಂದು ಪ್ರಶ್ನೆ ಮೊದಲಿನಿಂದಲೂ ಇದೆ. ಹಣವನ್ನು ಅಪೇಕ್ಷಿಸದೆ ಆಡಬೇಕು, ಸರಿ; ಆದರೆ ದಿನಕ್ಕೆ ಆರೇಳು ಗಂಟೆ ಅಭ್ಯಾಸಮಾಡುವವನು ಊಟಕ್ಕೆ ಏನು ಮಾಡಬೇಕು? ಹಿಂದೆ ಇದಕ್ಕೆ ಉತ್ತರ ಶ್ರೀಮಂತರ ಆಶ್ರಯ. ಅನಂತರ ಸರಕಾರಿ ಇಲಾಖೆಗಳೂ ಉದ್ಯಮಗಳೂ ಆಟಗಾರರಿಗೆ ನೌಕರಿ ಕೊಟ್ಟು ಆ ಭಾರವನ್ನು ಹೊತ್ತುವು. ತೈಲ ಮತ್ತು ನೈಸರ್ಗಿಕ ಅನಿಲ ನಿಗಮವು ಆಡ್ವಾಣಿಯವರಿಗೆ ಉದ್ಯೋಗವಿತ್ತುದು ಇದಕ್ಕೆ ದೃಷ್ಟಾಂತ. ವೃತ್ತಿಪರರ ಕಣಕ್ಕೆ ಇಳಿದವರೂ ಉಂಟು. ಮುಂಬಯಿಯ ಆದಿತ್ಯ ಮೆಹ್ತಾ ಅವರು ೨೦೧೩ರಲ್ಲಿ ವರ್ಲ್ಡ್ ಗೇಮ್ಸ್ ಕ್ರೀಡಾಕೂಟದ ಸ್ನೂಕರಿನಲ್ಲಿ ಚಿನ್ನದ ಪದಕವನ್ನು ಪಡೆದು, ಅದೇ ವರ್ಷ ದೆಹಲಿಯಲ್ಲಿ ನಡೆದ ವೃತ್ತಿಪರರ ಪಂದ್ಯದಲ್ಲಿ ಅಂತಿಮ ಘಟ್ಟವನ್ನು ಮುಟ್ಟಿದರು. ಆದರೆ ಆ ದಾರಿ ಬಹುಮಟ್ಟಿಗೆ ಇಂಗ್ಲೆಂಡಿನಲ್ಲಿ ನೆಲಸುವವರಿಗೆ ಮಾತ್ರ ಸುಗಮ. ಮನೆಯನ್ನು ಬಿಟ್ಟು, ಚಳಿಯ ನಾಡಿನಲ್ಲಿ ಒಂಟಿಯಾಗಿದ್ದು, ಮೊದಲ ಸುತ್ತಿನಲ್ಲಿ ಸೋತರೆ ಪ್ರಯಾಣದ ಖರ್ಚೂ ಹುಟ್ಟದು.

ಏಷ್ಯಾ ಕ್ರೀಡಾಕೂಟದಲ್ಲಿ ೧೯೯೮ರಿಂದ ೨೦೧೦ರವರೆಗೆ ಈ ಆಟಗಳಿಗೆ ಸ್ಥಾನವಿದ್ದಿತು. ಆಡ್ವಾಣಿಯವರು ೨೦೦೬ರಲ್ಲಿ ಮತ್ತು ೨೦೧೦ರಲ್ಲಿ ಬಿಲಿಯರ್ಡ್ಸಿನ ಚಿನ್ನವನ್ನು ತಂದರು. ಅದರ ಮುಂದಿನ ಕೂಟಗಳಲ್ಲಿ ಈ ಆಟಗಳನ್ನು ಕೈಬಿಟ್ಟರು. ದೊಡ್ಡ ಕೂಟಗಳ ಪದಕಗಳನ್ನು ನೋಡಿಯೇ ನೌಕರಿಯನ್ನೂ ನೆರವನ್ನೂ ಹಂಚುವ ಪದ್ಧತಿಯಿರುವ ನಮ್ಮಲ್ಲಿ ಇದರಿಂದ ಎಳೆಯ ಆಟಗಾರರಿಗೆ ಬಿದ್ದ ಪೆಟ್ಟು ಸಣ್ಣದಲ್ಲ. ಹದಿನಾರರ ಹುಡುಗನೊಬ್ಬನು ಕೋಲನ್ನು ಹಿಡಿಯಬೇಕೋ ಬಿಡಬೇಕೋ ಎಂದು ಅವನ ಮನೆಯವರು ಕುಳಿತು ಆಲೋಚಿಸುವಾಗ, ಆಟದ ಸೊಬಗಿಗಿಂತ ಇಂತಹ ಲೆಕ್ಕಗಳೇ ಹೆಚ್ಚು ತೂಗುವುವು. ಹೀಗಿರುವಾಗ ರಾಷ್ಟ್ರೀಯ ಪಂದ್ಯವೇ ಅವರಿಗೆ ಉಳಿದ ದೊಡ್ಡ ಆಸರೆ. ವರ್ಷಕ್ಕೊಮ್ಮೆ ದೇಶದ ಎಲ್ಲ ಮೂಲೆಗಳಿಂದ ಕಿರಿಯರು, ಹಿರಿಯರು, ಸ್ತ್ರೀಯರು ಒಂದೆಡೆ ಕೂಡಿ ತಮ್ಮ ಶಕ್ತಿಯನ್ನು ಅಳೆದುಕೊಳ್ಳುವ ತಾಣ ಅದು. ವಿಶ್ವಪಂದ್ಯಕ್ಕೆ ಹೋಗುವ ಬಾಗಿಲೂ ಅದೇ.

ಇನ್ನು ಮನೆಯವರಿಗೆ ನಾಲ್ಕು ಮಾತು. ಈ ಮೇಜನ್ನು ಮನೆಯಲ್ಲಿ ಇಡುವುದು ಬಹುಮಂದಿಗೆ ಸಾಧ್ಯವಿಲ್ಲ, ಇಡಬೇಕಾಗಿಯೂ ಇಲ್ಲ. ರಾಜ್ಯದ ಬಿಲಿಯರ್ಡ್ಸ್ ಸಂಸ್ಥೆಗೆ ಸೇರಿದ, ಕ್ರಮವಾಗಿ ಪಾಠ ಹೇಳುವ ಸ್ಥಳವನ್ನು ಆರಿಸಬೇಕು. ಅಲ್ಲಿ ಪಣವೊಡ್ಡುವ ರೂಢಿಯಿದೆಯೇ, ಧೂಮಪಾನಕ್ಕೆ ಅವಕಾಶವಿದೆಯೇ ಎಂಬುದನ್ನು ತಂದೆತಾಯಿಗಳು ಒಮ್ಮೆ ತಾವೇ ಹೋಗಿ ನೋಡಿ ಬರಬೇಕು. ಓದಿಗೂ ಆಟಕ್ಕೂ ಹೊತ್ತನ್ನು ಗೊತ್ತುಮಾಡಬೇಕು. ಬಾಗಿ ನಿಂತು ಬಹಳ ಹೊತ್ತು ಆಡುವ ಆಟವಾದುದರಿಂದ ಬೆನ್ನಿಗೂ ಕಣ್ಣಿಗೂ ತಕ್ಕ ವ್ಯಾಯಾಮವೂ ವಿಶ್ರಾಂತಿಯೂ ಬೇಕು.

ಈ ಆಟವು ಕಲಿಸುವ ಗುಣಗಳಲ್ಲಿ ಒಂದನ್ನು ಹೇಳಿ ಮುಗಿಸಬಹುದು. ಸ್ನೂಕರಿನಲ್ಲಿ ತಪ್ಪು ಏಟನ್ನು ತೀರ್ಪುಗಾರನು ಕಾಣದಿದ್ದರೂ, ಬಟ್ಟೆಯ ತುದಿ ಚೆಂಡಿಗೆ ತಾಗಿದುದು ತನಗೊಬ್ಬನಿಗೇ ತಿಳಿದಿದ್ದರೂ, ಒಳ್ಳೆಯ ಆಟಗಾರನು ತಾನೇ ಅದನ್ನು ಹೇಳಿ ಮೇಜನ್ನು ಬಿಟ್ಟುಕೊಡುವನು. ಅಂತಿಮ ಪಂದ್ಯದ ಕೊನೆಯ ಆಟದಲ್ಲಿಯೂ ಈ ಸಂಪ್ರದಾಯ ನಡೆದುಬಂದಿದೆ. ಎದುರಾಳಿಯು ಹೊಡೆಯುತ್ತಿರುವಷ್ಟು ಹೊತ್ತೂ ಕುರ್ಚಿಯಲ್ಲಿ ಮಾತಿಲ್ಲದೆ ಕುಳಿತು ಕಾಯುವುದು, ತನ್ನ ಸರದಿ ಬಂದಾಗ ಅವಸರಪಡದಿರುವುದು, ತನ್ನ ತಪ್ಪನ್ನು ತಾನೇ ಒಪ್ಪಿಕೊಳ್ಳುವುದು: ಈ ಮೂರನ್ನು ಹತ್ತು ವರ್ಷದ ಮಗುವಿಗೆ ಕಲಿಸಲು ಪಾಠಶಾಲೆಯೂ ಪ್ರಯಾಸಪಡುವುದು. ಹಸುರು ಮೇಜು ಅದನ್ನು ದಿನದಿನವೂ ಕಲಿಸುತ್ತಲಿದೆ.